ಕರ್ನಾಟಕ ಸಮಿತಿಯ ನೆನಪು

ಚೆರ್ಕಳದಿಂದ ಜಾಲ್ಸೂರಿಗೆ ಹೋಗುವ ಮಾರ್ಗದಲ್ಲಿ, ಕಾಸರಗೋಡಿನ ನಮ್ಮ ಬೋವಿಕಾನದ ಪೇಟೆಯಲ್ಲಿ ಬಸ್ಸಿಗಾಗಿ ಕಾಯುತ್ತ ಪಕ್ಷಪಕ್ಷಗಳ ಪತಾಕೆಗಳನ್ನು ನೋಡುತ್ತಿದ್ದಾಗ, ಅವುಗಳ ನಡುವೆ ಎಲ್ಲಿಯೂ ಕಾಣದ ಕರ್ನಾಟಕ ಸಮಿತಿಯ ಹೆಸರು ಅಕಸ್ಮಾತ್ತಾಗಿ ಸ್ಮರಣೆಗೆ ಬಂದಿತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಕನ್ನಡಿಗರ ಹೃದಯದಲ್ಲೆದ್ದ ವೇದನೆಯೇ ಆ ಸಮಿತಿಯ ಮೂಲಧನವಾಗಿತ್ತು. ಅದರ ಬೆಂಬಲದಿಂದ 1957ರಲ್ಲಿ ಎಂ. ಉಮೇಶರಾಯರು ಮಂಜೇಶ್ವರದಿಂದ ಅವಿರೋಧವಾಗಿ ಕೇರಳದ ವಿಧಾನಸಭೆಗೆ ಆಯ್ಕೆಯಾದರು; ಅನಂತರ ಅದೇ ಕ್ಷೇತ್ರವನ್ನು ಕಳ್ಳಿಗೆ ಮಹಾಬಲ ಭಂಡಾರಿಗಳು ಪ್ರತಿನಿಧಿಸಿದರು; 1967ರಲ್ಲಿ ಕಾಸರಗೋಡಿನಿಂದ ಯು. ಪಿ. ಕುಣಿಕುಳ್ಳಾಯರೂ ಗೆದ್ದರು. ಅದೇ ವರ್ಷ ಗಡಿವಿವಾದವನ್ನು ಪರಿಶೀಲಿಸಿದ ಮಹಾಜನ ಆಯೋಗವು ಚಂದ್ರಗಿರಿ ನದಿಯ ಉತ್ತರದ ಭೂಭಾಗ ಕರ್ನಾಟಕಕ್ಕೆ ಸಲ್ಲಬೇಕೆಂದು ಹೇಳಿತು.

ಆದರೆ ಆ ವರದಿ ಕಾರ್ಯರೂಪಕ್ಕೆ ಬರಲಿಲ್ಲ. ಕರ್ನಾಟಕದೊಡನೆ ವಿಲೀನವೊಂದನ್ನೇ ನೆಚ್ಚಿದ್ದ ಸಮಿತಿಯ ಕಸುವು ಆ ನಿರೀಕ್ಷೆಯೊಂದಿಗೇ ಕರಗಿತು. 1970ರ ಜನವರಿ 1ರಿಂದ ಗೇಣಿಪದ್ಧತಿ ರದ್ದಾಗಿ, ಉಳುವವನಿಗೆ ಭೂಮಿಯ ಒಡೆತನದ ದಾರಿ ತೆರೆದ ಮೇಲೆ, ಭಾಷೆಯಷ್ಟೇ ಅನ್ನವೂ ಮತದಾರನ ಮನಸ್ಸನ್ನು ಸೆಳೆದುದು ಸಹಜವೆಂದೇ ನನಗೆ ತೋರುತ್ತದೆ. ಆ ವರ್ಷ ಮಂಜೇಶ್ವರವು ಕಮ್ಯುನಿಸ್ಟ್ ಪಕ್ಷದ ಎಂ. ರಾಮಪ್ಪನವರನ್ನು ಆರಿಸಿತು. ಆದರೂ ಈ ಪೇಟೆಯಲ್ಲಿ ಕನ್ನಡದ ಫಲಕವೊಂದು ಕಂಡಾಗಲೆಲ್ಲ ಸಮಿತಿಯ ಆ ಹಿರಿಯರಿಗೆ ಮನಸ್ಸು ನಮಿಸುತ್ತದೆ.