ರಬ್ಬರಿನ ಮೂರು ತುಂಡು

ತುಮಕೂರಿನಿಂದ ಪಶ್ಚಿಮಕ್ಕೆ 20 ಕಿ.ಮೀ. ಹೋದರೆ ಗುಬ್ಬಿ. ದಕ್ಷಿಣಕ್ಕೆ ಹೆಚ್ಚುಕಡಿಮೆ ಅದರ ಇಮ್ಮಡಿ ದೂರ ಹೋದರೆ ಕುಣಿಗಲ್. ನಾಟಕ ಬಲ್ಲವರಿಗೆ ಗುಬ್ಬಿ ಎಂದರೆ ವೀರಣ್ಣನವರು, ರೇಸು ಬಲ್ಲವರಿಗೆ ಕುಣಿಗಲ್ ಎಂದರೆ ಕುದುರೆ ಫಾರಂ, ಭಕ್ತರಿಗೆ ತುಮಕೂರು ಎಂದರೆ ಸಿದ್ಧಗಂಗೆ. ಹಳೆಯ ಮಾರುತಿ ಜಿಪ್ಸಿಯಲ್ಲಿ ಈ ಮೂರು ಊರುಗಳ ನಡುವೆ ಓಡಾಡುವವರಿಗೆ ಮಾತ್ರ ಅವು ಬೇರೆಯೇ ಬಗೆಯಲ್ಲಿ ನೆನಪಿರುತ್ತವೆ. ಯಾವ ಉಬ್ಬು ಎಲ್ಲಿದೆ, ಯಾವ ಮೋರಿಯ ಮೇಲೆ ಗಾಡಿ ಎಷ್ಟು ಎತ್ತಿಹಾಕುತ್ತದೆ ಎಂಬ ಲೆಕ್ಕವೆಲ್ಲ ಅವರ ಸೊಂಟದಲ್ಲಿದೆ.

ಗುಬ್ಬಿ ತಾಲ್ಲೂಕಿನ ಒಬ್ಬ ನಿವೃತ್ತ ಹೈಸ್ಕೂಲು ಮೇಷ್ಟ್ರ ಬಳಿ ಅಂಥದೊಂದು ಜಿಪ್ಸಿ ಇದೆ. 2004ರ ಗಾಡಿ. ಜಿಪ್ಸಿ ಮೊದಲು ರಸ್ತೆಗಿಳಿದದ್ದು 1985ರಲ್ಲಿ. ಪೊಲೀಸ್ ಠಾಣೆ, ಸೈನ್ಯ, ಅರಣ್ಯ ಇಲಾಖೆ ಎಲ್ಲ ಕಡೆ ದುಡಿದು, 2019ರಲ್ಲಿ ಕಾರ್ಖಾನೆ ಸಾಮಾನ್ಯ ಗಿರಾಕಿಗಳಿಗಾಗಿ ಅದನ್ನು ತಯಾರಿಸುವುದನ್ನು ನಿಲ್ಲಿಸಿತು. ಮೇಷ್ಟ್ರ ಗಾಡಿಗೆ 15 ವರ್ಷ ತುಂಬಿದ್ದೂ ಅದೇ ವರ್ಷ. ಅವರು ಎಫ್.ಸಿ. ಮಾಡಿಸಿ ಇನ್ನೂ ಐದು ವರ್ಷಕ್ಕೆ ನೋಂದಣಿ ಬರೆಸಿಕೊಂಡು ಬಂದರು. ತೆಂಗಿನಕಾಯಿ, ಹಿಂಡಿ ಮೂಟೆ, ಸುಟ್ಟುಹೋದ ಪಂಪಿನ ಮೋಟಾರು, ಜ್ವರ ಬಂದ ಮಕ್ಕಳು, ಎಲ್ಲಕ್ಕೂ ಅದೇ ವಾಹನ. ತೋಟದಿಂದ ಡಾಂಬರಿಗೆ ಬರುವ ದಾರಿ ಹಳ್ಳ ದಾಟಿಯೇ ಬರಬೇಕು. ಮಳೆಗಾಲದಲ್ಲಿ ಅಲ್ಲಿ ಆಟೋ ಬರುವುದಿಲ್ಲ.

2024ರ ಆರಂಭದಲ್ಲಿ, ಆ ಐದು ವರ್ಷವೂ ಮುಗಿಯುತ್ತ ಬಂದಾಗ, ಗಾಡಿ ತಕರಾರು ತೆಗೆಯಿತು. ಕ್ಲಚ್ಚು ಬಿಟ್ಟರೆ ಕೆಳಗಿನಿಂದ 'ಧಡ್' ಎಂಬ ಸದ್ದು. ವೇಗ 60 ಮುಟ್ಟಿದರೆ ನೆಲದ ತಗಡೆಲ್ಲ ಗುಂಯ್‌ಗುಡುವುದು. ನಾಲ್ಕು ಗಾಲಿಗೆ ಶಕ್ತಿ ಹಂಚುವ ಸಣ್ಣ ಲಿವರು ಹಲ್ಲು ನೋವು ಬಂದವರ ಹಾಗೆ ನಡುಗುತ್ತಿತ್ತು. ಒಬ್ಬರು ಹೇಳಿದರೆಂದು ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಬದಲಾಯಿಸಿದರು. ಎರಡು ತಿಂಗಳಲ್ಲಿ ಮತ್ತೆ ಅದೇ ಕತೆ, ಮತ್ತೆ ಕ್ರಾಸ್. ಕೊನೆಗೆ ಒಂದು ದಿನ ಕೆರೆ ಏರಿಯಿಂದ ಕಾಯಿ ಮೂಟೆ ಹೇರಿಕೊಂಡು ಇಳಿಯುವಾಗ ಲೋ ಗೇರು ತಾನಾಗಿ ಬಿಟ್ಟುಕೊಂಡಿತು. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ, ಪಕ್ಕದಲ್ಲಿ ಹೆಂಡತಿ. ಬ್ರೇಕು ಹಿಡಿದದ್ದರಿಂದ ಬಚಾವಾದರು. ಆಕೆ ಇಳಿದು ಮನೆಗೆ ನಡೆದೇ ಹೋದರಂತೆ. ಬೆಂಗಳೂರಿನ ಮಗ ಫೋನಿನಲ್ಲಿ, "ಅಪ್ಪ, ಅದನ್ನ ಗುಜರಿಗೆ ಹಾಕಿಬಿಡಿ" ಎಂದ.

ಗುಜರಿಗೆ ಹಾಕುವ ಮುಂಚೆ ಒಮ್ಮೆ ತೋರಿಸೋಣವೆಂದು ಮೇಷ್ಟ್ರು ಗಾಡಿಯನ್ನು ತುಮಕೂರಿನ ಗುಬ್ಬಿ ಗೇಟ್ ಕಡೆಯ ಒಂದು ಶೆಡ್ಡಿಗೆ ತಂದರು. ಅಲ್ಲಿನ ಮೇಸ್ತ್ರಿ ಏನನ್ನೂ ಬಿಚ್ಚಲಿಲ್ಲ. ಗಾಲಿಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆಸಿ, ಮೇಷ್ಟ್ರನ್ನೇ ಸ್ಟೇರಿಂಗಿನಲ್ಲಿ ಕೂರಿಸಿ, "ಫಸ್ಟ್ ಗೇರ್ ಹಾಕಿ ಕ್ಲಚ್ ಒಂಚೂರೇ ಬಿಡಿ ಮೇಷ್ಟ್ರೇ, ಪೂರ್ತಿ ಬಿಡಬೇಡಿ" ಎಂದು ಪಕ್ಕದಲ್ಲಿ ಮಲಗಿ ಟಾರ್ಚು ಹಿಡಿದರು. ಎರಡು ಸಲ ನೋಡಿ ಎದ್ದು ಕೈ ಒರೆಸಿಕೊಂಡರು.

"ಗೇರ್ ಬಾಕ್ಸ್‌ಗೆ ಏನೂ ಆದಂಗಿಲ್ಲ ಸಾರ್. ಹಿಂದಿರೋ ಡಬ್ಬ ಕೂತಿರೋ ಕುರ್ಚಿ ಮುರಿದೈತೆ."

ಆ ಡಬ್ಬವೆಂದರೆ ಟ್ರಾನ್ಸ್‌ಫರ್ ಕೇಸ್. ಹಳೆಯ ಮಹೀಂದ್ರ ಜೀಪುಗಳಲ್ಲಿ ಅದು ಗೇರ್ ಬಾಕ್ಸಿನ ಬೆನ್ನಿಗೇ ಅಂಟಿಕೊಂಡಿರುತ್ತದೆ. ಜಿಪ್ಸಿಯಲ್ಲಿ ಅದಕ್ಕೆ ಬೇರೆ ಸಂಸಾರ. ಗೇರ್ ಬಾಕ್ಸಿನಿಂದ ಒಂದು ಗಿಡ್ಡ ಶಾಫ್ಟು ಬಂದು ಅದಕ್ಕೆ ಸೇರುತ್ತದೆ, ಅಲ್ಲಿಂದ ಮುಂದಕ್ಕೊಂದು, ಹಿಂದಕ್ಕೊಂದು ಉದ್ದ ಶಾಫ್ಟು. ಇಡೀ ಡಬ್ಬವನ್ನು ಚಾಸಿಗೆ ಹಿಡಿದಿರುವುದು ರಬ್ಬರಿನ ಮೂರು ಮೌಂಟಿಂಗು. ಅವು ಸೀಳಿದರೆ ಕ್ಲಚ್ಚು ಬಿಟ್ಟಾಗಲೆಲ್ಲ ಡಬ್ಬ ತಿರುಚಿಕೊಂಡು ಏಳುತ್ತದೆ, ಶಾಫ್ಟುಗಳ ಕೋನ ಕೆಡುತ್ತದೆ, ಆ ಪೆಟ್ಟನ್ನು ಕ್ರಾಸುಗಳು ತಿನ್ನುತ್ತವೆ. ಎರಡು ಸಲ ಕ್ರಾಸ್ ಹಾಕಿಸಿದ ದುಡ್ಡು ಎಲ್ಲಿ ಹೋಯಿತೆಂದು ಮೇಷ್ಟ್ರಿಗೆ ಆಗ ತಿಳಿಯಿತು. ಲಿವರು ಕೂತಿರುವುದೂ ಅದೇ ಡಬ್ಬದ ಮೇಲೆ. ಡಬ್ಬ ಕುಣಿದರೆ ಅದೂ ಕುಣಿಯುತ್ತದೆ. ಗೇರು ಬಿಟ್ಟುಕೊಳ್ಳಲು ಒಳಗಿನ ಹಲ್ಲು ಸವೆದದ್ದೂ ಕಾರಣವಿರಬಹುದು. "ಮೊದಲು ರಬ್ಬರ್ ಹಾಕೋಣ, ಆಮೇಲೂ ಬಿಟ್ಟರೆ ಡಬ್ಬ ಬಿಚ್ಚೋಣ" ಎಂದರು ಮೇಸ್ತ್ರಿ. ಅಗ್ಗದ ಕೆಲಸ ಮೊದಲು ಮಾಡಿ ನೋಡುವ ರಿಪೇರಿಯವರು ಸಿಗುವುದು ಗಿರಾಕಿಯ ಪುಣ್ಯ.

ಎತ್ತಿನ ಗಾಡಿ ಕಂಡವರಿಗೆ ಬುಷ್ಷೆಂದರೇನು ಎಂದು ವಿವರಿಸಬೇಕಿಲ್ಲ. ಗುಂಬದೊಳಗಿನ ಕಬ್ಬಿಣದ ಬಳೆ, ಅದರಲ್ಲಿ ತೂರಿದ ಅಚ್ಚು, ನಡುವೆ ಕೀಲೆಣ್ಣೆ. ಎಣ್ಣೆ ಆರಿದರೆ ಗಾಡಿ ಕಿರುಗುಟ್ಟಿ ಊರಿಗೆಲ್ಲ ಸಾರುತ್ತಿತ್ತು. ರಬ್ಬರಿಗೆ ಆ ಬಾಯಿಲ್ಲ. ಬಿಸಿಲು, ದೂಳು, ವಯಸ್ಸು ಅದನ್ನು ಒಳಗೊಳಗೇ ಬಿರಿಸುತ್ತವೆ. ಎಲ್ಲಕ್ಕಿಂತ ದೊಡ್ಡ ಶತ್ರು ಎಣ್ಣೆ. ಮೇಷ್ಟ್ರ ಗಾಡಿಯಲ್ಲಿ ಆದದ್ದು ಅದೇ: ಡಬ್ಬದ ಆಯಿಲ್ ಸೀಲು ಸೋರಿ, ಆ ಜಿಡ್ಡು ರಬ್ಬರಿನ ಮೇಲೆ ಕೂತು, ಅದು ಬೆಲ್ಲದ ಹಾಗೆ ಮೆತ್ತಗಾಗಿತ್ತು. ಸೀಲು ಹಾಕದೆ ಹೊಸ ರಬ್ಬರು ಹಾಕಿದ್ದರೆ ಅದಕ್ಕೂ ಅದೇ ಗತಿ.

ಕೆಲಸ ಎರಡು ದಿನ ಹಿಡಿಯಿತು. ಶಾಫ್ಟು ಕಳಚುವ ಮುಂಚೆ ಎರಡೂ ಮುಖಗಳ ಮೇಲೆ ಉಳಿಯಿಂದ ಗುರುತು ಹೊಡೆದರು. ಕಳಚಿದ ಹಾಗೆಯೇ ಸೇರಿಸದಿದ್ದರೆ ತೂಕ ತಪ್ಪಿ ಹೊಸ ನಡುಕ ಶುರುವಾಗುತ್ತದೆ. ಡಬ್ಬದ ಕೆಳಗೆ ಜಾಕಿ ಕೊಟ್ಟು ಮೂರು ಮೌಂಟಿಂಗನ್ನೂ ತೆಗೆದರು. ಎಂಜಿನ್ನು, ಗೇರ್ ಬಾಕ್ಸಿನ ಮೌಂಟಿಂಗುಗಳನ್ನೂ ಬಿಡಲಿಲ್ಲ. ಹೊಸತರ ಪಕ್ಕದಲ್ಲಿ ಹಳತು ಉಳಿದರೆ ಭಾರವೆಲ್ಲ ಹೊಸತರ ಮೇಲೆ ಬೀಳುತ್ತದೆ. ಅಂಗಡಿಯವರು ಬಣ್ಣದ ಪಾಲಿಯುರೆಥೇನ್ ಬುಷ್ಷು ತೋರಿಸಿದ್ದರು. ಅದು ಎಣ್ಣೆಗೆ ಬಗ್ಗುವುದಿಲ್ಲ, ಬಾಳಿಕೆಯೂ ಹೆಚ್ಚು. ಆದರೆ ಗಡಸು, ನಡುಕವನ್ನು ಹಾಗೇ ಮೇಲಕ್ಕೆ ಕಳಿಸುತ್ತದೆ. ಅರವತ್ತೇಳರ ಬೆನ್ನಿಗೆ ರಬ್ಬರೇ ಸಾಕೆಂದು ಮೇಷ್ಟ್ರು ತೀರ್ಮಾನಿಸಿದರು.

ಆಮೇಲೆ ಬ್ಲೇಡ್ ಸೆಟ್ಟಿನ ಸರದಿ. ಜಿಪ್ಸಿಯ ನಾಲ್ಕು ಮೂಲೆಯಲ್ಲೂ ಬ್ಲೇಡುಗಳೇ, ಒಂದೊಂದರ ಎರಡೂ ತುದಿಯಲ್ಲಿ ಬುಷ್ಷು. ತುಕ್ಕು ಹಿಡಿದ ಪಿನ್ನುಗಳು ಗ್ಯಾಸಿನಲ್ಲಿ ಕಾಯಿಸದೆ ಅಲುಗಲಿಲ್ಲ. ಹೊಸ ಬುಷ್ಷು ಕೂರಿಸಿದ ಹುಡುಗ ನಟ್ಟನ್ನು ಬಿಗಿಯಲು ಹೋದಾಗ ಮೇಸ್ತ್ರಿ ಗದರಿದರು: "ಗಾಡಿ ನೆಲಕ್ಕಿಳೀಲಿ ಕಣೋ ಮೊದಲು!" ಗಾಲಿ ತೂಗಾಡುವಾಗ ಬಿಗಿದರೆ, ಗಾಡಿ ಕೆಳಗಿಳಿದೊಡನೆ ರಬ್ಬರು ತಿರುಚಿಕೊಂಡೇ ಕೂರುತ್ತದೆ, ಬೇಗ ಹರಿಯುತ್ತದೆ. ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿತ.

ಕಾರ್ಖಾನೆ ಕೈಬಿಟ್ಟದ್ದನ್ನು ಪೇಟೆ ನಡೆಸಿಕೊಂಡು ಹೋಗುವುದು ತುಮಕೂರಿಗೆ ಹೊಸದೇನಲ್ಲ. ಇಲ್ಲಿನ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆ 2016ರಲ್ಲಿ ಮುಚ್ಚಿತು. ಅದರ ಗಡಿಯಾರ ಕಟ್ಟಿಕೊಂಡವರು ಕೀಲಿ ಕೊಡುವುದನ್ನು ಬಿಟ್ಟಿಲ್ಲ.

ಮೂರನೆಯ ದಿನ ಮೇಷ್ಟ್ರು ನೇರ ಮನೆಗೆ ಹೋಗಲಿಲ್ಲ. ಗುಬ್ಬಿ ದಾಟಿ ದಕ್ಷಿಣಕ್ಕೆ ತಿರುಗಿ ಕಡಬದ ಕೆರೆಗೆ ಬಂದರು. ದೇವರಾಯನದುರ್ಗದಲ್ಲಿ ಹುಟ್ಟಿದ ಶಿಂಷಾ ಈ ಕೆರೆಯಲ್ಲಿ ತಂಗಿ ಮುಂದೆ ಹೋಗುತ್ತದೆ. ಗುಬ್ಬಿ ತಾಲ್ಲೂಕಿನದೇ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಎಚ್.ಎ.ಎಲ್.ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಹಾರುವ ಆ ಯಂತ್ರಕ್ಕೂ ಕಂಪನವೇ ದೊಡ್ಡ ಪೀಡೆ. ಅಲ್ಲೂ ಎಂಜಿನಿಯರುಗಳು ತಲೆ ಕೆಡಿಸಿಕೊಳ್ಳುವುದು ಗೇರ್ ಬಾಕ್ಸನ್ನು ಒಡಲಿಗೆ ಹೇಗೆ ಕೂರಿಸುವುದು ಎಂಬುದಕ್ಕೇ.

ನದಿಯ ಜತೆಯಲ್ಲೇ ಸಿ.ಎಸ್. ಪುರದ ಸೀಮೆ ಹಾದು ಮಾರ್ಕೋನಹಳ್ಳಿ. ಜಲಾಶಯ ತುಂಬಿದರೆ ಯಾರೂ ಗೇಟು ಎತ್ತಬೇಕಿಲ್ಲ, ಸೈಫನ್ನುಗಳು ತಾವಾಗಿಯೇ ನೀರು ಬಿಡುತ್ತವೆ. ಅಲ್ಲಿ ಹತ್ತಿರದ ಒಂದು ಕಲ್ಲು ದಾರಿಯಲ್ಲಿ ಮೇಷ್ಟ್ರು ಲೋ ಗೇರು ಹಾಕಿದರು. ಗಾಡಿ ತೆವಳುತ್ತ ಇಳಿಯಿತು. ಲಿವರಿನ ಮೇಲೆ ಕೈ ಇಡಲು ಧೈರ್ಯ ಸಾಲದೆ ಹಾಗೇ ನೋಡುತ್ತ ಕೂತರು. ಬಿಟ್ಟುಕೊಳ್ಳಲಿಲ್ಲ. ಸಾಲದೆಂದು ತಿರುಗಿಸಿ ಹತ್ತಿಸಿ, ಇನ್ನೊಮ್ಮೆ ಇಳಿಸಿದರು.

ಎಡೆಯೂರಿನಲ್ಲಿ ಹೆದ್ದಾರಿ ಸೇರಿ ಕುಣಿಗಲ್ಲಿಗೆ ಬಂದಾಗ ಮಧ್ಯಾಹ್ನ. ಟಿಪ್ಪುವಿನ ದಂಡಿಗೆ ಕುದುರೆ ಸಾಕಿದ ಊರು ಇದು. 1992ರಲ್ಲಿ ಸರ್ಕಾರ ಫಾರಮ್ಮನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟ ಮೇಲೂ ರೇಸಿನ ಕುದುರೆಗಳು ಇಲ್ಲಿ ಹುಟ್ಟಿದವು. ಕುದುರೆ ಕೊಳ್ಳುವವರು ಮೊದಲು ಕಾಲಿನ ಗಂಟು ಮುಟ್ಟಿ ನೋಡುತ್ತಾರೆ. ಗಾಡಿ ಕೊಳ್ಳುವವರು ಬಣ್ಣ ನೋಡಿ, ಸೀಟು ನೋಡಿ, ಟೇಪ್ ರೆಕಾರ್ಡರ್ ಹಾಡುತ್ತದೆಯೇ ಎಂದು ಕೇಳುತ್ತಾರೆ!

ಹೆಬ್ಬೂರಿನ ದಾರಿಯಲ್ಲಿ ಸಂಜೆಗೆ ತುಮಕೂರು. ಶೆಡ್ಡಿನ ಮುಂದೆ ನಿಲ್ಲಿಸಿದಾಗ ಮೇಸ್ತ್ರಿ ಮತ್ತೆ ಕೆಳಗೆ ತೂರಿ, ನಟ್ಟುಗಳನ್ನು ಒಂದೊಂದೇ ಎಳೆದು ನೋಡಿದರು. ಎರಡು ಕಾಲು ಸುತ್ತು ಕೂತವು. "ಐನೂರು ಕಿಲೋಮೀಟರ್ ಆದಮೇಲೆ ಇನ್ನೊಂದ್ಸಲ ಬನ್ನಿ ಸಾರ್, ಎಫ್.ಸಿ.ಗೆ ಹೋಗೋಕೆ ಮುಂಚೆ." ಹಳೆಯ ಮೂರು ಮೌಂಟಿಂಗನ್ನು ಮೇಷ್ಟ್ರು ಕೇಳಿ ತೆಗೆದುಕೊಂಡರು. ಎರಡನ್ನು ಮಗನಿಗೆ ತೋರಿಸಲೆಂದು ಕಾಗದದಲ್ಲಿ ಸುತ್ತಿಟ್ಟಿದ್ದಾರೆ. ಇನ್ನೊಂದು ತೋಟದ ಗೇಟಿನ ಬುಡದಲ್ಲಿದೆ, ಗಾಳಿಗೆ ಬಡಿದುಕೊಳ್ಳದಿರಲೆಂದು.