ಎಲ್ಲರಿಗೂ ಒಂದೇ ಪಾಕೀಟು

ಬರ ಬಿದ್ದ ವರ್ಷ ಗುಳೆ ಹೋಗುವುದು ನಮ್ಮ ಸಿಂದಗಿ ಸೀಮೆಯ ಹಳೆಯ ರೂಢಿ. ಮುಂಬಯಿ, ಪುಣೆ, ಗೋವೆಗಳಿಂದ ಬಂದ ಕಾರ್ಡುಗಳನ್ನು ಎಷ್ಟೋ ಮನೆಗಳಲ್ಲಿ ಟಪಾಲಿನವನೇ ಓದಿ ಹೇಳಬೇಕಾಗಿತ್ತು. ಮಗನಿಗೆ ಕೆಲಸ ಸಿಕ್ಕಿಲ್ಲ, ಸೊಸೆಯ ಮೈಯಲ್ಲಿ ನೆಟ್ಟಗಿಲ್ಲ, ಸಾಲ ಕೊಟ್ಟವನು ಅಲ್ಲಿಗೂ ಬಂದಿದ್ದ—ಇಂಥ ಮಾತೆಲ್ಲ ಅವನ ಬಾಯಿಂದಲೇ ಮನೆಯವರ ಕಿವಿಗೆ ಬೀಳಬೇಕು. ಆದರೆ ಒಂದು ಮನೆಯ ಕಟ್ಟೆಯ ಮೇಲೆ ಓದಿದ್ದನ್ನು ಅವನು ಇನ್ನೊಂದು ಮನೆಯ ಕಟ್ಟೆಗೆ ಒಯ್ಯುತ್ತಿರಲಿಲ್ಲ. ಒಯ್ದಿದ್ದರೆ ಮರುದಿನ ಅವನ ಕೈಗೆ ಕಾರ್ಡು ಕೊಟ್ಟು ಓದೆನ್ನುವವರೇ ಇರುತ್ತಿರಲಿಲ್ಲ. ಯಾವ ಕಾಯಿದೆಯ ಪುಸ್ತಕವನ್ನೂ ಓದಿ ಅವನು ಇದನ್ನು ಕಲಿತಿರಲಿಲ್ಲ.

ಈಗ ಗುಳೆಯ ದಾರಿ ಬೆಳೆದು ಸಮುದ್ರ ದಾಟಿದೆ. ನಮ್ಮ ಓಣಿಯ ಹುಡುಗನೊಬ್ಬ ಕೊಲ್ಲಿಯ ದೇಶವೊಂದರಲ್ಲಿ ಕಟ್ಟಡದ ಕೆಲಸಕ್ಕಿದ್ದಾನೆ. ಕೆಲವು ವರ್ಷಗಳ ಹಿಂದೆ ಅವನ ಕಂಪನಿ ಮೂರು ತಿಂಗಳ ಪಗಾರ ನಿಲ್ಲಿಸಿತು. ಪಾಸ್‌ಪೋರ್ಟುಗಳನ್ನಂತೂ ಮೊದಲೇ ಕಿತ್ತಿಟ್ಟುಕೊಂಡಿತ್ತು. ಅವನೂ ಇನ್ನು ಕೆಲವರೂ, ಒಬ್ಬರಿಗೊಬ್ಬರು ತಿಳಿಸದೆ, ಅಲ್ಲಿರುವ ನಮ್ಮ ಸರ್ಕಾರದ ಕಚೇರಿಯೊಂದಕ್ಕೆ ಇ-ಮೇಲ್ ಬರೆದರು. ಉತ್ತರ ಬಂತು, ಅದರ ಮಾತು ಸೌಜನ್ಯದ್ದೇ. ಆದರೆ ಎಲ್ಲರಿಗೂ ಒಂದೇ ಉತ್ತರ, ತಲೆಯ ಮೇಲೆ ಎಲ್ಲರ ವಿಳಾಸಗಳ ಸಾಲು! ಆ ಸಾಲಿನಲ್ಲಿ ಮುಕಾದಮನಿಗೆ ಬೇಕಾದವನೊಬ್ಬನಿದ್ದ.

“ಕಾಕಾ, ಪಗಾರ ನಿಂತದ್ದು ನಮ್ಮವ್ವಗೂ ಹೇಳಿದ್ದಿಲ್ಲ. ಸಂಜೀಕ ಮುಕಾದಮ ನನ್ನ ಹೆಸರು ಹಿಡದು ಕರದ್ನರಿ” ಎಂದು ಹುಡುಗ ಫೋನಿನಲ್ಲಿ ಹೇಳಿದ. ಮರುದಿನ ಕಚೇರಿಯಿಂದ ಇನ್ನೊಂದು ಪತ್ರ ಬಂತಂತೆ: ಹಿಂದಿನದನ್ನು ಅಳಿಸಿಹಾಕಿರಿ ಎಂದು. ಅದರ ತಲೆಯ ಮೇಲೂ ಅದೇ ಸಾಲು.

ಟೈಪು ಯಂತ್ರದ ಕಾಲದ ಕಾರಕೂನರಿಗೆ ಈ ತಪ್ಪಿನ ಮೂಲ ಚೆನ್ನಾಗಿ ತಿಳಿದೀತು. ‘ಸಿಸಿ’ ಎಂದರೆ ಕಾರ್ಬನ್ ಕಾಪಿ. ಪ್ರತಿ ಯಾರಿಗೆ ಹೋಯಿತೆಂಬುದು ಎಲ್ಲರಿಗೂ ಕಾಣುತ್ತದೆ. ‘ಬಿಸಿಸಿ’ ಎಂದರೆ ಕುರುಡು ಪ್ರತಿ. ಅದು ಹೋದದ್ದು ಉಳಿದವರಿಗೆ ತಿಳಿಯದು. ಅದಕ್ಕಾಗಿ ಹಿಂದೆ ಮೂಲ ಹಾಳೆಯನ್ನು ಹೊರತೆಗೆದು, ಪ್ರತಿಯ ಮೇಲಷ್ಟೇ ಆ ಹೆಸರನ್ನು ಬಡಿಯಬೇಕಿತ್ತು. ಆ ಶ್ರಮದಲ್ಲೇ ಒಂದು ಎಚ್ಚರವಿತ್ತು. ಇಂದು ಪರದೆಯ ಮೇಲೆ ಎರಡೂ ಮಗ್ಗುಲಲ್ಲೇ ಕೂತಿವೆ.

ನಮ್ಮವರೊಬ್ಬರನ್ನೇ ಹಳಿಯಬೇಕಾಗಿಲ್ಲ. 2014ರ ನವೆಂಬರಿನಲ್ಲಿ, ಬ್ರಿಸ್ಬೇನಿನ ಜಿ-20 ಸಭೆಗೆ ಮುಂಚೆ, ಆಸ್ಟ್ರೇಲಿಯದ ವಲಸೆ ಇಲಾಖೆಯ ನೌಕರರೊಬ್ಬರು 31 ಮಂದಿ ರಾಷ್ಟ್ರನಾಯಕರ ಪಾಸ್‌ಪೋರ್ಟ್ ಸಂಖ್ಯೆ, ಜನ್ಮದಿನಾಂಕಗಳನ್ನು ಏಷ್ಯಾ ಕಪ್ ಫುಟ್‌ಬಾಲಿನ ಸಂಘಟಕರೊಬ್ಬರಿಗೆ ಕಳಿಸಿಬಿಟ್ಟರು. ಯಂತ್ರ ತಾನೇ ತುಂಬಿದ ವಿಳಾಸವನ್ನು ಅವರು ನೋಡಿರಲಿಲ್ಲ. ನರೇಂದ್ರ ಮೋದಿ, ಒಬಾಮ ಅವರೂ ಆ ಪಟ್ಟಿಯಲ್ಲಿದ್ದರು. ನಾಯಕರಿಗೆ ತಿಳಿಸುವ ಅಗತ್ಯವಿಲ್ಲವೆಂದು ಇಲಾಖೆ ಸುಮ್ಮನಾಯಿತು. 2015ರ ಮಾರ್ಚಿನಲ್ಲಿ ಪತ್ರಿಕೆಯಿಂದ ಜಗತ್ತಿಗೆ ಗೊತ್ತಾಯಿತು.

ನಾಯಕರ ಸುತ್ತ ಕಾವಲಿದೆ. ಸುದ್ದಿ ನಗೆಯಲ್ಲಿ ಮುಗಿಯಿತು. ಕಾವಲಿಲ್ಲದವರಿಗೆ ಇಂಥದೇ ತಪ್ಪಿನ ಬೆಲೆ ಬೇರೆ. ತಾಲಿಬಾನರು ಕಾಬೂಲನ್ನು ಹಿಡಿದ ತಿಂಗಳೊಪ್ಪತ್ತಿನಲ್ಲಿ, 2021ರ ಸೆಪ್ಟೆಂಬರ್ 20ರಂದು, ಬ್ರಿಟನ್ನಿನ ರಕ್ಷಣಾ ಖಾತೆ 245 ಅಫ್ಘನರಿಗೆ ಒಂದು ಇ-ಮೇಲ್ ಕಳಿಸಿತು. ಬ್ರಿಟಿಷರಿಗಾಗಿ ದುಡಿದು, ದೇಶ ಬಿಡಲು ಕಾದಿದ್ದವರು ಅವರು. ಎಲ್ಲರ ವಿಳಾಸವೂ ಎಲ್ಲರಿಗೆ ಕಂಡಿತು. 55 ಮಂದಿಯ ಭಾವಚಿತ್ರಗಳೂ ಕಂಡವು. ಉತ್ತರ ಬರೆದವರಲ್ಲಿ ಒಬ್ಬರು ತಾವಿರುವ ಜಾಗವನ್ನು ಇಡೀ ಪಟ್ಟಿಗೇ ಹೇಳಿಬಿಟ್ಟರು. 2023ರ ಡಿಸೆಂಬರಿನಲ್ಲಿ ಖಾತೆಗೆ ಮೂರೂವರೆ ಲಕ್ಷ ಪೌಂಡು ದಂಡ ಬಿತ್ತು. ಸರ್ಕಾರದ ಬಲಗಡೆಯ ಕಿಸೆಯ ದುಡ್ಡು ಎಡಗಡೆಯ ಕಿಸೆಗೆ ಹೋಯಿತು. ಬಯಲಾದ ಹೆಸರು ಮಾತ್ರ ಮರಳಿ ಒಳಗೆ ಹೋಗಲಿಲ್ಲ.

ನಮ್ಮಲ್ಲಿಯೂ ಕಾಯಿದೆಗೆ ಬರವಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿದರು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆ ಶಾಸನವಾಯಿತು. ರಕ್ಷಣೆಯಲ್ಲಿ ಎಡವಿದವರಿಗೆ 250 ಕೋಟಿ ರೂಪಾಯಿವರೆಗೆ ದಂಡವನ್ನೂ ಅದು ಹೇಳಿದೆ. ಪರದೇಶದಲ್ಲಿರುವವರ ದೂರುಗಳಿಗಾಗಿ ವಿದೇಶಾಂಗ ಖಾತೆ 2015ರಲ್ಲೇ ‘ಮದದ್’ ಎಂಬ ಜಾಲತಾಣವನ್ನು ತೆರೆದಿದೆ.

ದಿನಕ್ಕೆ ನೂರು ಪತ್ರ ಬರೆಯುವ ಕಾರಕೂನ ಒಮ್ಮೆ ಬೆರಳು ತಪ್ಪಿದರೆ ಅದೇನು ಮಹಾಪರಾಧವೇ ಎಂದು ನೀವು ಕೇಳಬಹುದು. ಅಲ್ಲ. ಅದಕ್ಕೇ ಬೆರಳಿನ ಮೇಲೆ ಭಾರ ಹಾಕಬಾರದು. ಒಬ್ಬೊಬ್ಬರಿಗೂ ಬೇರೆ ಪತ್ರ ಹೋಗುವಂತೆ ಯಂತ್ರವನ್ನು ಹೊಂದಿಸಲು ಬರುತ್ತದೆ. ಕಳಿಸುವ ಮುನ್ನ ಎರಡನೆಯವರು ಕಣ್ಣಾಡಿಸಲು ಬರುತ್ತದೆ. ತಪ್ಪಿದ ಮೇಲೆ, ಯಾರ ಹೆಸರು ಬಯಲಾಯಿತೋ ಅವರಿಗೆ ಅಂದೇ ತಿಳಿಸಲೂ ಬರುತ್ತದೆ.

ನಮ್ಮ ಹುಡುಗನನ್ನು ದೂರದ ಕ್ಯಾಂಪಿಗೆ ಹಾಕಿದರು. ಕಡೆಗೆ ಪಗಾರವೂ ಬಂತು. ಆದರೆ ಮುಂದಿನ ವರ್ಷ ಮತ್ತೆ ಪಗಾರ ನಿಂತಾಗ ಅವನು ಕಚೇರಿಗೆ ಬರೆಯಲಿಲ್ಲ. ಸಾಲ ಮಾಡಿ ದಿನ ದೂಡಿದ. ಕಚೇರಿಯ ಲೆಕ್ಕದಲ್ಲಿ ಆ ವರ್ಷ ಒಂದು ದೂರು ಕಡಿಮೆಯಾಗಿರಬೇಕು.