ಬಾಣಂತನಕ್ಕೆ ಬರುವ ಹಕ್ಕಿಗಳೂ, ನಮ್ಮ ಲೆಕ್ಕದ ಪುಸ್ತಕವೂ

ಹಾಲಿನ ಲೆಕ್ಕ, ಇಸ್ತ್ರಿಯವನ ಲೆಕ್ಕ, ಚೀಟಿ ದುಡ್ಡಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ತಾರೀಖು, ಮಗುವಿಗೆ ಹಲ್ಲು ಬಂದ ದಿನ... ಲೆಕ್ಕ ಇಡುವುದರಲ್ಲಿ ನಮ್ಮನ್ನು ಮೀರಿಸುವವರು ಯಾರಿದ್ದಾರೆ ಹೇಳಿ? ಅಡುಗೆಮನೆ ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ ನಾವು ಬರೆದಿಡುವಷ್ಟು ಯಾವ ಕಚೇರಿಯ ಗುಮಾಸ್ತರೂ ಬರೆದಿಡಲಾರರು. ಆದರೂ ಒಂದು ಲೆಕ್ಕದಲ್ಲಿ ನಾನು ಸೋತೆ. ಆ ಸೋಲಿನ ಕಥೆ ಮೊದಲು ಹೇಳಿಬಿಡುತ್ತೇನೆ. ಆಮೇಲೆ ನಿಮ್ಮನ್ನು ಒಂದು ಊರಿಗೆ ಕರೆದುಕೊಂಡು ಹೋಗುತ್ತೇನೆ.

ನಾಲ್ಕು ವರ್ಷದ ಹಿಂದಿನ ಮಾತು. ನಮ್ಮೂರಿನ ಬಸ್ ನಿಲ್ದಾಣದ ರಸ್ತೆಯಲ್ಲಿ ಹಳೆಯ ಕಾಲದ ಸಾಲುಮರಗಳಿದ್ದವು. ಶ್ರಾವಣ ಬಂತೆಂದರೆ ಅವುಗಳ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟುತ್ತಿದ್ದವು. ಕೆಳಗೆ ಓಡಾಡುವಾಗ ಸೆರಗು ತಲೆ ಮೇಲೆ ಹೊದ್ದುಕೊಂಡೇ ಹೋಗಬೇಕು, ಬೈದುಕೊಂಡೇ ಹೋಗುತ್ತಿದ್ದೆವು ಅನ್ನಿ! ರಸ್ತೆ ಅಗಲ ಮಾಡಲು ಅರ್ಧ ಸಾಲು ಉರುಳಿಸಿದ ದಿನ ಮಾತ್ರ ನೋಡಲಾಗಲಿಲ್ಲ. ರೆಕ್ಕೆ ಬಲಿಯದ ಮರಿಗಳು ಡಾಂಬರಿನ ಮೇಲೆ ಬಿದ್ದಿದ್ದವು.

ನಾವು ಐದು ಜನ ಹೆಂಗಸರು ಅರ್ಜಿ ಹಿಡಿದು ಕಚೇರಿಗೆ ಹೋದೆವು. ಅಲ್ಲಿದ್ದ ಅಧಿಕಾರಿ ಕೆಟ್ಟವರೇನಲ್ಲ, ಕುರ್ಚಿ ಹಾಕಿಸಿ ಕೂರಿಸಿದರು. "ಎಷ್ಟು ಗೂಡಿದ್ದವು ತಾಯಿ? ಎಷ್ಟು ವರ್ಷದಿಂದ ಬರ್ತಿದ್ವು? ಬರೆದಿಟ್ಟಿರೋದು ಏನಾದ್ರೂ ಇದೆಯಾ?" ಅಂದರು. ನಾನು ಐವತ್ತು ಅಂದೆ, ಪಕ್ಕದ ಮನೆ ಸಾವಿತ್ರಮ್ಮನವರು ಇನ್ನೂರು ಅಂದರು! ಮುಖ ಮುಖ ನೋಡಿಕೊಂಡೆವು. ಇಪ್ಪತ್ತು ವರ್ಷ ಆ ಮರದ ಕೆಳಗೇ ತರಕಾರಿ ಕೊಂಡವರು, ಒಂದು ದಿನವೂ ತಲೆ ಎತ್ತಿ ಎಣಿಸಿರಲಿಲ್ಲ. ಉಳಿದ ಅರ್ಧ ಸಾಲೂ ಮುಂದಿನ ವಾರ ಉರುಳಿತು.

ಆ ಮಾತು ಮುಳ್ಳಿನ ಹಾಗೆ ಚುಚ್ಚುತ್ತಲೇ ಇತ್ತು. ಕಳೆದ ವರ್ಷ ಫೆಬ್ರವರಿಯಲ್ಲಿ ಮೈಸೂರಿನ ನಾದಿನಿ ಮನೆಗೆ ಹೊರಟಾಗ ನಮ್ಮವರಿಗೆ ಹೇಳಿದೆ: "ಮದ್ದೂರಲ್ಲಿ ಇಳಿಯೋಣ. ಹಕ್ಕಿಯ ಲೆಕ್ಕ ಇಡೋ ಊರೊಂದಿದೆಯಂತೆ, ನೋಡಿಕೊಂಡು ಹೋಗೋಣ."

ಕೊಕ್ಕರೆ ಬೆಳ್ಳೂರಿನ ದಾರಿ

ಕೊಕ್ಕರೆ ಬೆಳ್ಳೂರು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿದೆ. ಬೆಂಗಳೂರಿನಿಂದ ಸುಮಾರು 80 ಕಿಲೋಮೀಟರು. ಕಾರಿನವರು ಚನ್ನಪಟ್ಟಣ ದಾಟಿದ ಮೇಲೆ ರುದ್ರಾಕ್ಷಿಪುರದ ಹತ್ತಿರ ಎಡಕ್ಕೆ ತಿರುಗಬೇಕು. ಹೊಸ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಹಾರಿಕೊಂಡು ಹೋದರೆ ತಿರುವು ತಪ್ಪೀತು, ಹಳೆಯ ರಸ್ತೆಯನ್ನೇ ಹಿಡಿಯಿರಿ. ನಾವು ಬಸ್ಸಿನವರು. ಮದ್ದೂರಲ್ಲಿ ಇಳಿದು, ಬಿಸಿ ಬಿಸಿ ಮದ್ದೂರು ವಡೆ ಕಟ್ಟಿಸಿಕೊಂಡು, ಆಟೋ ಮಾಡಿಕೊಂಡೆವು. ಎರಡೂ ಕಡೆ ಕಬ್ಬು, ಭತ್ತ, ರೇಷ್ಮೆಯ ಹಿಪ್ಪುನೇರಳೆ. ಹತ್ತಿರದಲ್ಲೇ ಶಿಂಷಾ ಹೊಳೆ.

ಊರೊಳಗೆ ಕಾಲಿಟ್ಟಾಗ ಬೇಲಿ, ಗೇಟು ಏನೂ ಕಾಣಲಿಲ್ಲ. ಹೆಂಚಿನ ಮನೆಗಳು, ಬಾಗಿಲ ಮುಂದೆ ರಂಗೋಲಿ, ಕಟ್ಟಿಹಾಕಿದ ಎಮ್ಮೆ. ತಲೆ ಎತ್ತಿದರೆ ಮನೆಗಳ ಮೇಲೆ ಬಾಗಿದ ಹುಣಿಸೆಮರದ ತುಂಬ ಹೆಜ್ಜಾರ್ಲೆಗಳು! ಕೊಕ್ಕಿನ ಕೆಳಗೆ ಚೀಲ ಇರುವ ದೊಡ್ಡ ಹಕ್ಕಿ, ಇಂಗ್ಲಿಷಿನವರ ಪೆಲಿಕನ್. ಪಕ್ಕದ ಮರದಲ್ಲಿ ಬಣ್ಣದ ಕೊಕ್ಕರೆಗಳು. ಹಳದಿ ಕೊಕ್ಕು, ಬಾಲದ ಹತ್ತಿರ ಗುಲಾಬಿ ಬಣ್ಣ, ಥೇಟ್ ಮದುವೆ ಮನೆಗೆ ಸೀರೆ ಉಟ್ಟು ಬಂದ ಹಾಗೆ. ಹೆಜ್ಜಾರ್ಲೆಯ ಮರಿ ತಾಯಿಯ ಕೊಕ್ಕಿನ ಚೀಲದೊಳಕ್ಕೆ ತಲೆ ತೂರಿಸಿ ಮೀನು ತಿನ್ನುವುದನ್ನು ನೋಡಬೇಕು! ಡಬ್ಬದ ತಳದಲ್ಲಿ ಉಳಿದ ಚಕ್ಕುಲಿಗೆ ನಮ್ಮ ಮಕ್ಕಳು ಮೊಳಕೈತನಕ ಕೈ ಹಾಕುವುದಿಲ್ಲವೇ, ಹಾಗೆ.

ಒಂದು ಮನೆಯ ಜಗುಲಿಯಲ್ಲಿ ಅಜ್ಜಿಯೊಬ್ಬರು ಅವರೆಕಾಯಿ ಸುಲಿಯುತ್ತಾ ಕೂತಿದ್ದರು. "ಗಲಾಟೆ ಅನ್ನಿಸೋದಿಲ್ವಾ ಅಜ್ಜಿ?" ಎಂದು ಕೇಳಿದೆ.

"ಮಗ್ಳು ಬಾಣಂತನಕ್ಕೆ ತೌರ್ಗೆ ಬಂದ್ರೆ ಗಲಾಟೆ ಅಂತೀಯೇನವ್ವ?" ಅಂದರು. "ಬತ್ತವೆ, ಮರಿ ಮಾಡ್ಕತ್ತವೆ, ಮಳೆಗಾಲ ಹಿಡ್ಯೋ ಹೊತ್ಗೆ ಓಯ್ತವೆ. ಬರ್ದೆ ಇದ್ರೇನೇ ಸಂಕ್ಟ ಕಣವ್ವ."

ಈ ಮಾತು ಆ ಒಬ್ಬ ಅಜ್ಜಿಯದಲ್ಲ, ಇಡೀ ಊರಿನದು. ಇನ್ನೊಂದು ಕಥೆಯನ್ನೂ ಹೇಳುತ್ತಾರೆ. ನೂರು ವರ್ಷಕ್ಕೂ ಹಿಂದೆ ಊರು ಶಿಂಷಾ ದಂಡೆಯ ಮೇಲಿತ್ತಂತೆ. ಪ್ಲೇಗು ಬಂದು ಜನ ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಅವರ ಹಿಂದೆಯೇ ಬಂದವಂತೆ.

ಹೆಜ್ಜಾರ್ಲೆಗಳಲ್ಲಿ ಗಂಡೂ ಹೆಣ್ಣೂ ಸರದಿಯ ಮೇಲೆ ಕಾವು ಕೂರುತ್ತವೆ. ಅದನ್ನು ಕೇಳಿ ನಾನು ನಮ್ಮವರ ಮುಖ ನೋಡಿದೆ. ಅವರು ಗಂಭೀರವಾಗಿ ಮರದ ಕಡೆ ನೋಡುತ್ತಾ ನಿಂತರು!

ಪ್ರೀತಿಗೂ ಖರ್ಚಿದೆ

ಬಾಣಂತನ ಮಾಡಿದವರಿಗೆ ಗೊತ್ತು, ಅದು ಬರೀ ಪ್ರೀತಿಯಿಂದ ನಡೆಯುವುದಿಲ್ಲ. ಹಕ್ಕಿ ಗೂಡು ಕಟ್ಟಿದ ಮರದಲ್ಲಿ ಹುಣಿಸೆ ಬಡಿಯುವ ಹಾಗಿಲ್ಲ. ಒಂದು ದೊಡ್ಡ ಮರದ ಹುಣಿಸೆಹಣ್ಣೆಂದರೆ ಬಡವರ ಮನೆಗೆ ಸಣ್ಣ ಆದಾಯವೇನಲ್ಲ. ಅದಕ್ಕೇ ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರಧನ ಕೊಡುವ ಪದ್ಧತಿ ತಂದಿತು. ಮರದ ಬುಡದಲ್ಲಿ ಗುಂಡಿ ತೆಗೆದು, ಕೆರೆಗೋಡು ಹಾಕಿ, ಹಕ್ಕಿಯ ಹಿಕ್ಕೆ ಸೇರಿಸಿ ಗದ್ದೆಗೆ ಗೊಬ್ಬರ ಮಾಡುವ ಜಾಣತನ ಮಾತ್ರ ಊರವರದೇ.

ಅರಣ್ಯ ಇಲಾಖೆಯ ಎಸ್. ಜಿ. ನೇಗಿನಹಾಳರು 1976ರಲ್ಲಿ ಈ ಊರಿನ ಹಕ್ಕಿಗಳನ್ನು ಹೊರಗಿನವರ ಗಮನಕ್ಕೆ ತಂದರು. 1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ಪ್ರಕೃತಿಪ್ರಿಯರು ಇಲ್ಲಿಗೆ ಬಂದು ಊರ ಹುಡುಗರ ಜೊತೆ ಕೆಲಸಕ್ಕಿಳಿದರು. ಹಾಗೆ ಹುಟ್ಟಿದ್ದು "ಹೆಜ್ಜಾರ್ಲೆ ಬಳಗ". ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಿಬಿಡುವ ಕೆಲಸವನ್ನು ಈ ಬಳಗದವರು ಮಾಡಿದರು. 2007ರಲ್ಲಿ ಸರ್ಕಾರ ಇದನ್ನು "ಸಮುದಾಯ ಮೀಸಲು ಪ್ರದೇಶ" ಎಂದು ಘೋಷಿಸಿತು. ಅಂದರೆ ಜನರನ್ನು ಎಬ್ಬಿಸಿ ಮಾಡಿದ ಹಕ್ಕಿಧಾಮವಲ್ಲ. ಜನರೂ ಇರುತ್ತಾರೆ, ಹಕ್ಕಿಯೂ ಇರುತ್ತದೆ.

ನನಗೆ ಬೇಕಾಗಿದ್ದ ಲೆಕ್ಕದ ವಿಷಯ ಕೊನೆಗೂ ಸಿಕ್ಕಿತು. ಹಕ್ಕಿ ತೋರಿಸಲು ಜೊತೆಗೆ ಬಂದ ಊರಿನ ಯುವಕನನ್ನು, "ಇಷ್ಟೊಂದು ಹಕ್ಕೀನ ಹೇಗಪ್ಪಾ ಎಣಿಸ್ತೀರಿ?" ಎಂದು ಕೇಳಿದೆ.

"ಹಕ್ಕಿ ಎಣಿಸಿದ್ರೆ ತಪ್ಪುತ್ತೆ ಅಕ್ಕಾ. ಹಾರಿ ಹೋಗಿದ್ದನ್ನೇ ಇನ್ನೊಂದು ಸಲ ಎಣಿಸಿಬಿಡ್ತೀವಿ. ಗೂಡು ಎಣಿಸ್ಬೇಕು. ಒಂದೊಂದು ಮರಕ್ಕೂ ಒಂದೊಂದು ನಂಬರು. ಪ್ರತಿ ಸಲಾನೂ ಅದೇ ಜಾಗದಲ್ಲಿ ನಿಂತು, ಅದೇ ಹೊತ್ತಲ್ಲಿ ನೋಡ್ಬೇಕು. ಒಂದು ವರ್ಷದ ಲೆಕ್ಕ ಏನೂ ಹೇಳಲ್ಲ. ಹತ್ತು ವರ್ಷದ್ದು ಪಕ್ಕಪಕ್ಕ ಇಟ್ರೆ ಮಾತಾಡುತ್ತೆ."

ಎಷ್ಟು ಸರಳ ನೋಡಿ! ದೊಡ್ಡ ಯಂತ್ರ ಬೇಡ, ದೊಡ್ಡ ಓದು ಬೇಡ.

ಹತ್ತಿರ ಇದ್ದು ನೋಡುವವರ ಬೆಲೆ ಕಷ್ಟಕಾಲದಲ್ಲಿ ತಿಳಿಯುತ್ತದೆ. 2017ರ ಕೊನೆಯಿಂದ 2018ರ ಮೊದಲ ತಿಂಗಳುಗಳವರೆಗೆ ಇಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತು ಬಿದ್ದವು. ಪರೀಕ್ಷೆ ಮಾಡಿದಾಗ ಹೊಟ್ಟೆಯಲ್ಲಿ ಜಂತುಹುಳುಗಳ ಕಾಟ ಕಂಡುಬಂತು. ಇಂಥ ಹೊತ್ತಿನಲ್ಲಿ ಎಲ್ಲೋ ಪಟ್ಟಣದಲ್ಲಿರುವ ವಿಜ್ಞಾನಿಗೆ ಮೊದಲ ಸುದ್ದಿ ತಿಳಿಯುವುದಾದರೂ ಹೇಗೆ? ಅಂಗಳ ಗುಡಿಸುವವರು ಕಂಡು ಹೇಳಿದರೆ ತಾನೇ?

ಇದಕ್ಕೆ ಹೆಸರು ನಾಗರಿಕ ವಿಜ್ಞಾನ

ವಿಜ್ಞಾನಿಗಳಲ್ಲದ ಸಾಮಾನ್ಯ ಜನ ಕಣ್ಣಾರೆ ಕಂಡದ್ದನ್ನು ಕ್ರಮವಾಗಿ ಬರೆದು ವಿಜ್ಞಾನಕ್ಕೆ ಒದಗಿಸುವುದಕ್ಕೆ "ನಾಗರಿಕ ವಿಜ್ಞಾನ" ಎನ್ನುತ್ತಾರೆ. ಹೊಸದೇನಲ್ಲ. ಅಮೆರಿಕದಲ್ಲಿ 1900ರ ಕ್ರಿಸ್ಮಸ್ ದಿನ, ಹಕ್ಕಿಗಳನ್ನು ಬೇಟೆಯಾಡುವ ಬದಲು ಎಣಿಸೋಣ ಎಂದು 27 ಜನ ಹೊರಟರು. ಆ ಎಣಿಕೆ ಇಂದಿಗೂ ವರ್ಷ ವರ್ಷ ನಡೆಯುತ್ತಿದೆ. ನಮ್ಮ ಪಕ್ಕದ ಕೇರಳದಲ್ಲಿ 2015ರಿಂದ 2020ರವರೆಗೆ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಸೇರಿ ಇಡೀ ರಾಜ್ಯದ ಹಕ್ಕಿಗಳ ನಕ್ಷೆಯನ್ನೇ ತಯಾರಿಸಿದರು.

2023ರಲ್ಲಿ ಹೊರಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಗೆ ಆಧಾರವಾದದ್ದು ಸುಮಾರು 30,000 ಪಕ್ಷಿವೀಕ್ಷಕರು ಬರೆದ 3 ಕೋಟಿ ದಾಖಲೆಗಳು. 942 ಜಾತಿಯ ಹಕ್ಕಿಗಳ ಕಷ್ಟಸುಖ ಅದರಲ್ಲಿದೆ. ಗುಬ್ಬಚ್ಚಿಗಳೆಲ್ಲ ಮುಗಿದೇಹೋದವು ಎಂದು ನಾವು ಕೊರಗುತ್ತಿದ್ದೆವಲ್ಲ? ದೊಡ್ಡ ನಗರಗಳಲ್ಲಿ ಕಡಿಮೆಯಾಗಿವೆ ನಿಜ, ಆದರೆ ಒಟ್ಟು ದೇಶದಲ್ಲಿ ಇಪ್ಪತ್ತೈದು ವರ್ಷದಿಂದ ಅವುಗಳ ಸಂಖ್ಯೆ ಹೆಚ್ಚು ಕಡಿಮೆ ಹಾಗೇ ಇದೆ ಎಂದು 2020ರ ವರದಿ ತಿಳಿಸಿತು. ಹೀಗೆ ಲೆಕ್ಕ ಇದ್ದರೆ ಸುಳ್ಳು ಭಯ ಹೋಗುತ್ತದೆ, ನಿಜವಾದ ಭಯಕ್ಕೆ ಬಲ ಬರುತ್ತದೆ.

ನೀವೇನು ಮಾಡಬಹುದು?

"ನಮಗೆಲ್ಲಿ ಪುರುಸೊತ್ತು?" ಅನ್ನಬೇಡಿ. ಬೇಕಾದದ್ದು ಕಾಲು ಗಂಟೆ. ಒಲೆ ಮೇಲೆ ಬೇಳೆ ಬೇಯುವ ಹೊತ್ತು!

ಹಿತ್ತಲಲ್ಲೋ ತಾರಸಿಯಲ್ಲೋ ಒಂದೇ ಜಾಗದಲ್ಲಿ ನಿಲ್ಲಿ. ತಾರೀಖು, ಹೊತ್ತು, ಎಷ್ಟು ನಿಮಿಷ ನೋಡಿದಿರಿ, ಯಾವ ಹಕ್ಕಿ, ಎಷ್ಟು, ಇಷ್ಟೇ ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಊಹೆ ಮಾಡಿ ಬರೆಯಬೇಡಿ. ಬಣ್ಣ, ಗಾತ್ರ, ಕೊಕ್ಕಿನ ಆಕಾರ ಬರೆದಿಡಿ, ತಿಳಿದವರನ್ನು ಆಮೇಲೆ ಕೇಳಿದರಾಯಿತು. ಕಾಗೆ, ಮೈನಾ, ಪಾರಿವಾಳ ಏನು ಮಹಾ ಎಂದು ಬಿಡಬೇಡಿ, ಅವೂ ಲೆಕ್ಕಕ್ಕೆ ಬೇಕು. ಏನೂ ಕಾಣದಿದ್ದರೆ "ಏನೂ ಕಾಣಲಿಲ್ಲ" ಎಂದೇ ಬರೆಯಿರಿ. ಡಬ್ಬದಲ್ಲಿ ಸಕ್ಕರೆ ಇಲ್ಲ ಎಂದು ತಿಳಿಯುವುದೂ ಲೆಕ್ಕವೇ ಅಲ್ಲವೇ? ಉಪ್ಪು ಖಾರ ಹಚ್ಚಿ ಮೂರನ್ನು ಮೂವತ್ತು ಮಾಡುವುದು ಮಾತ್ರ ಬೇಡ.

ಫೆಬ್ರವರಿಯಲ್ಲಿ ನಾಲ್ಕು ದಿನ "ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್" ಎಂಬ ಹಿತ್ತಲ ಹಕ್ಕಿ ಎಣಿಕೆ ಇರುತ್ತದೆ. 1998ರಲ್ಲಿ ಅಮೆರಿಕದಲ್ಲಿ ಶುರುವಾಗಿ 2013ರಿಂದ ಲೋಕದ ತುಂಬ ನಡೆಯುತ್ತಿದೆ. ಹದಿನೈದು ನಿಮಿಷ ಎಣಿಸಿ, ಮಕ್ಕಳ ಕೈಲಿ ಮೊಬೈಲಿನ "ಇ-ಬರ್ಡ್"ಗೆ ಹಾಕಿಸಿದರೆ ನಿಮ್ಮ ಹಿತ್ತಲೂ ಆ ಲೆಕ್ಕಕ್ಕೆ ಸೇರಿತು. ಹಕ್ಕಿ ಗುರುತು ಕಷ್ಟ ಅನ್ನುವವರಿಗೆ "ಸೀಸನ್‌ವಾಚ್" ಇದೆ. ಮನೆ ಹತ್ತಿರದ ಮಾವು, ಹಲಸು, ಹೊಂಗೆ, ಹುಣಿಸೆ ಹೀಗೆ ಒಂದು ಮರ ಆರಿಸಿಕೊಂಡು, ಚಿಗುರು, ಹೂವು, ಕಾಯಿ ಎಷ್ಟಿದೆ ಎಂದು ವಾರಕ್ಕೊಮ್ಮೆ ನೋಡಿ ಬರೆಯುವುದು. ಉಪ್ಪಿನಕಾಯಿಗೆ ಮಿಡಿ ಯಾವಾಗ ಬಂತು ಎಂದು ವರ್ಷ ವರ್ಷ ಕಾಯುವವರು ನಾವು. ಮಾವು ಬೇಗ ಹೂ ಬಿಟ್ಟಿತೋ ತಡವಾಯಿತೋ ಎನ್ನುವುದನ್ನು ನಮಗಿಂತ ಚೆನ್ನಾಗಿ ಯಾರು ಹೇಳಿಯಾರು?

ಒಂದು ಎಚ್ಚರಿಕೆ. ಗೂಡಿನ ತೀರಾ ಹತ್ತಿರ ಹೋಗಬೇಡಿ, ಮರಿಯ ಫೋಟೋಕ್ಕೆಂದು ಕೊಂಬೆ ಬಾಗಿಸಬೇಡಿ. ಕೊಕ್ಕರೆ ಬೆಳ್ಳೂರಿಗೆ ಹೋದರೂ ಅಷ್ಟೇ. ಬಾಣಂತಿ ಇರುವ ಮನೆಗೆ ಹೋದ ಹಾಗೆ ಮೆಲ್ಲನೆ ಹೋಗಿ, ಮೆಲ್ಲನೆ ಮಾತಾಡಿ. ಜನವರಿಯಿಂದ ಮಾರ್ಚಿಯವರೆಗೆ ಹೋದರೆ ಮರಿಗಳನ್ನೂ ನೋಡಬಹುದು. ಕೊಡೆಯೋ ಟೋಪಿಯೋ ಇರಲಿ. ಯಾಕೆ ಅಂತ ಮರದ ಕೆಳಗೆ ನಿಂತರೆ ತಿಳಿಯುತ್ತೆ!

ಮನೆಗೆ ಬಂದ ಮೇಲೆ ನಾನು ಹಾಲಿನ ಲೆಕ್ಕದ ಪುಸ್ತಕವನ್ನು ಹಿಂದಿನಿಂದ ತಿರುಗಿಸಿ, ಕೊನೆಯ ಹಾಳೆಯಲ್ಲಿ ಬರೆಯಲು ಶುರು ಮಾಡಿದೆ. ಅರ್ಜಿ ಹಿಡಿದು ಹೋಗಿದ್ದ ಐದು ಜನರೂ ಈಗ ಬರೆಯುತ್ತಿದ್ದೇವೆ. ಬಸ್ ನಿಲ್ದಾಣದ ಮರಗಳು ಮರಳಿ ಬರಲಾರವು. ಆದರೆ ಕೆರೆ ಏರಿಯ ಮೇಲೆ ಒಂದು ದೊಡ್ಡ ಆಲದಮರ ಉಳಿದಿದೆ. ಕಳೆದ ಶ್ರಾವಣದಲ್ಲಿ ದೇವಸ್ಥಾನದ ಮೆಟ್ಟಿಲ ಮೇಲೆ ನಿಂತು ನಾನೂ ಸಾವಿತ್ರಮ್ಮನವರೂ ಬೇರೆ ಬೇರೆಯಾಗಿ ಎಣಿಸಿದೆವು. ಅವರದು 23, ನನ್ನದು 22. ಮತ್ತೆ ಎಣಿಸಿದಾಗ ಎಲೆಮರೆಯ ಗೂಡೊಂದು ನನ್ನ ಕಣ್ಣಿಗೂ ಬಿತ್ತು. 23 ಎಂದು ಬರೆದು ಇಬ್ಬರೂ ಸಹಿ ಹಾಕಿದೆವು.

ಆ ಏರಿಯ ರಸ್ತೆಯೂ ಅಗಲವಾಗುತ್ತದೆ ಎಂಬ ಮಾತು ಈಗ ಕೇಳಿಬರುತ್ತಿದೆ. ಮರ ಉಳಿಯುತ್ತದೆಯೋ ಇಲ್ಲವೋ ಹೇಳಲಾರೆ. ಆದರೆ ಈ ಸಲ "ಎಷ್ಟು ಗೂಡಿದ್ದವು ತಾಯಿ?" ಎಂದು ಕೇಳಿದರೆ ನಾವು ಮುಖ ಮುಖ ನೋಡಿಕೊಳ್ಳುವುದಿಲ್ಲ, ಪುಸ್ತಕ ತೆರೆದು ತೋರಿಸುತ್ತೇವೆ. ನಿಮ್ಮ ಬೀದಿಯಲ್ಲೂ ಒಂದು ಮರ ಇದ್ದೇ ಇರುತ್ತದೆ. ನಾಳೆ ಬೆಳಿಗ್ಗೆ ರಂಗೋಲಿ ಹಾಕಿ ಏಳುವಾಗ ಒಮ್ಮೆ ತಲೆ ಎತ್ತಿ ನೋಡಿ, ಎಣಿಸಿ, ಬರೆದಿಡಿ.